ನಾಲ್ಕನೆಯ ಥರದ ಎತ್ತರ

ಹತ್ತಿ ಹಂಗಾಮಿನ ಎರಡನೆಯ ವಾರ, ಗುರುವಾರ ಮಧ್ಯಾಹ್ನ ಒಂದೂವರೆಗೆ ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಲಾರಿ ಬಂದು ನಿಂತಿತು. ಮೇಲೆ ಹೊದಿಸಿದ್ದ ತಾಡಪತ್ರಿ ಉದ್ದಕ್ಕೂ ಹರಿದಿತ್ತು. ಮೇಲಿನ ಸಾಲಿನ ಮೂರು ಮೂಟೆಗಳು ಒಡೆದು ಹತ್ತಿ ಹೊರಗೆ ಬಂದಿತ್ತು. ಚಾಲಕರು ಇಳಿದು, ಯಾರ ಮುಖವನ್ನೂ ನೋಡದೆ, ಟೇಬಲ್ಲಿನ ಮೇಲೆ ಕೀಲಿ ಇಟ್ಟರು.

ಅವರನ್ನು ನಾವೆಲ್ಲ ಚಾಚಾ ಎನ್ನುತ್ತೇವೆ. ಊರು ಮುಳಗುಂದ. ಐದು ಲಾರಿಗಳ ಚಾಲಕರಲ್ಲಿ ಅವರೇ ಹಿರಿಯರು. ನಾನು ಆ ಆಫೀಸಿನಲ್ಲಿ ಗಾಡಿಗಳ ಹೋಗು-ಬರುವಿನ ಪಟ್ಟಿ ಇಡುವವಳು. ಸಾವಕಾರರು, ಅಂದರೆ ಲಾರಿಗಳ ಮಾಲೀಕರು, ನನ್ನ ಎದುರಿನ ಕುರ್ಚಿಯಲ್ಲಿದ್ದರು.

"ಏನಾತು ಚಾಚಾ?"

"ರೈಲ್ವೆ ಬ್ರಿಜ್ಜಿನ ಮುಂದ ಕಬ್ಬಿಣ ಅಡ್ಡ ಹಾಕ್ಯಾರಲ್ರಿ, ಅದಕ್ಕ ಬಡೀತು. ಫೋನು ಆ ಹಾದಿ ತೋರಸ್ತು."

"ಫೋನು ತೋರಸ್ತು ಅಂತ ಕಣ್ಣು ಮುಚ್ಚಿ ಹೊಡದ್ರೇನು?"

"ನೀವ ಹೇಳಿದ್ರೆಲ್ರಿ, ಫೋನ್ ಹೇಳಿದಂಗ ಹೋಗ್ರಿ, ಸುತ್ತು ಹೊಡೀಬ್ಯಾಡ್ರಿ ಅಂತ."

ಅದು ನಿಜವಾಗಿತ್ತು. ಸಾವಕಾರರು ಆ ಮಾತು ಹೇಳಿದ ದಿನವೂ ನನ್ನ ಡೈರಿಯಲ್ಲಿದೆ. ಆದರೆ ಅಂಗಳದಲ್ಲಿ ಇನ್ನಿಬ್ಬರು ಚಾಲಕರು, ನಾಲ್ವರು ಹಮಾಲರು ನಿಂತು ಕೇಳುತ್ತಿದ್ದರು. ಅವರೆದುರು ತಮ್ಮ ಮಾತು ತಮಗೇ ತಿರುಗಿ ಬಂದದ್ದು ಸಾವಕಾರರಿಗೆ ಸೇರಲಿಲ್ಲ.

"ಇನ್ನೊಂದ್ಸಲ ಹಿಂಗಾತಂದ್ರ ಈ ಕೀಲಿ ಇಲ್ಲೇ ಇಟ್ಟು ಮನೀಗೆ ಹೋಗೂದು. ಆಮ್ಯಾಲೆ ನನ್ನ ಕೇಳಬ್ಯಾಡ್ರಿ," ಎಂದರು. ಚಾಚಾ ತಲೆಯಾಡಿಸಿದರು. ಕೀಲಿ ತೆಗೆದುಕೊಂಡು ಲಾರಿ ಖಾಲಿ ಮಾಡಿಸಲು ಹೋದರು.

ಸಂಜೆ ಸಾವಕಾರರು ನನ್ನನ್ನು ಕರೆದರು. "ನೀ ಎಲ್ಲಾದಕ್ಕೂ ಪಟ್ಟಿ ಮಾಡಾಕಿ. ಲಾರಿಗಂತನ ಬ್ಯಾರೆ ಜಿಪಿಎಸ್ ಮಷೀನ್ ಬರ್ತಾವಂತ, ಗಾಡಿ ಎತ್ತರ, ತೂಕ ನೋಡಿ ಹಾದಿ ಹೇಳ್ತಾವಂತ. ಮೂರು ತರಸ್ತೀನಿ. ಮೂರು ವಾರ ನೋಡಿ ಐದೂ ಗಾಡಿಗೆ ಒಂದು ಆರಿಸು."

"ಯಾವ ಗಾಡ್ಯಾಗ ನೋಡೂದ್ರಿ?"

"ಚಾಚಾನ ಗಾಡ್ಯಾಗ. ಅವರಿಗೇ ಬೇಕಾಗಿದ್ದು."

ನಾನು ಒಂದು ಮಾತು ಕೇಳಿದೆ: ಪರೀಕ್ಷೆ ಮಾಡುವಾಗ ಯಂತ್ರ ತಪ್ಪು ದಾರಿಗೆ ಒಯ್ದರೆ, ಅದನ್ನೂ ಚಾಚಾರ ತಪ್ಪೆಂದು ಹಿಡಿಯುತ್ತೀರೇನು?

"ಟೆಸ್ಟ್ ಇರಲಿ ಏನ ಇರಲಿ, ಗಾಡಿ ಗಾಡೀನ. ಸ್ಟೇರಿಂಗ್ ಯಾರ ಕೈಯಾಗ ಇರ್ತೈತಿ, ತಪ್ಪು ಅವರದ."

ಆ ರಾತ್ರಿ ಡೈರಿಯಲ್ಲಿ ಅದನ್ನು ಬರೆದು ಕೆಳಗೆ ಎರಡು ಗೆರೆ ಎಳೆದೆ. ನಾನು ಆರಿಸುವುದು ತಪ್ಪಾದರೆ ನನ್ನ ಕುರ್ಚಿ ಹೋಗುವುದಿಲ್ಲ, ಚಾಚಾರ ಸೀಟು ಹೋಗುತ್ತದೆ. ಅವರ ವಯಸ್ಸು ಐವತ್ತಾರು, ಎಡಮೊಣಕಾಲು ಪೂರ್ತಿ ಮಡಚುವುದಿಲ್ಲ. ಹಮಾಲಿ ಆಗದು, ಅಂಗಡಿಯಲ್ಲಿ ನಿಂತು ಕೆಲಸ ಮಾಡಲಾಗದು. "ಗಾಡ್ಯಾಗ ಕುಂತ್ರ ಮಣಕಾಲ ಬ್ಯಾನಿ ಗೊತ್ತಾಗೂದಿಲ್ಲ ನೋಡವಾ" ಎಂದು ಅವರೇ ಒಮ್ಮೆ ಹೇಳಿದ್ದರು.

ಮೂರು ಯಂತ್ರಗಳು ಸೋಮವಾರ ಬಂದವು. ಹೆಸರುಗಳು ನಾಲಿಗೆಗೆ ಹೊರಳುವಂಥವಲ್ಲವಾದ್ದರಿಂದ ಬೆನ್ನಿಗೆ ಚೀಟಿ ಅಂಟಿಸಿದೆ: ಕೆಂಪು, ಹಸಿರು, ಹಳದಿ. ಕೆಂಪಿನಲ್ಲಿ ನಕಾಶೆ ಒಳಗಿನ ಕಾರ್ಡಿನಲ್ಲೇ ಇತ್ತು, ನೆಟ್‌ವರ್ಕ್ ಬೇಡ. ಹಸಿರಿಗೆ ಸಿಮ್ ಹಾಕಬೇಕು. ಅದರ ಪರದೆ ದೊಡ್ಡದು, ಮುಂದಿನ ರಸ್ತೆಯಲ್ಲಿ ಗಾಡಿಗಳು ನಿಂತಿದ್ದರೆ ತಿಳಿದು ಬೇರೆ ದಾರಿ ಹೇಳುತ್ತದೆ, ಲಾರಿ ಎಲ್ಲಿದೆ ಎಂಬುದು ಆಫೀಸಿನ ಕಂಪ್ಯೂಟರಿನಲ್ಲೂ ಕಾಣುತ್ತದೆ. ಹಳದಿಯಲ್ಲೂ ನಕಾಶೆ ಒಳಗೇ. ಪರದೆ ಚಿಕ್ಕದು, ಪಕ್ಕದಲ್ಲಿ ಒತ್ತುವ ಗುಂಡಿಗಳು, ದನಿ ಹಿಂದಿಯಲ್ಲಿ.

ಹಸಿರು ಮತ್ತು ಹಳದಿ ಎರಡೂ ಮೊದಲು ಗಾಡಿಯ ಎತ್ತರ, ಅಗಲ, ಉದ್ದ, ತೂಕ ಕೇಳಿದವು. ನಾನು ಕಪಾಟಿನಿಂದ ಚಾಚಾರ ಲಾರಿಯ ಕಾಗದಪತ್ರಗಳ ಫೈಲು ತೆಗೆದು, ಬಾಡಿ ಕಟ್ಟಿದವರು ಕೊಟ್ಟ ಹಾಳೆ ನೋಡಿ, ಒಂದೊಂದೇ ಅಂಕಿ ತುಂಬಿದೆ. ಎತ್ತರ 2.9 ಮೀಟರ್. ಎರಡು ಸಲ ತಾಳೆ ನೋಡಿದೆ. ಹಸಿರಿನ ಅಂಕಿಗಳನ್ನು ಆಫೀಸಿನ ಕಂಪ್ಯೂಟರಿನಿಂದಲೇ ತುಂಬಬೇಕು, ಚಾಲಕರು ಮುಟ್ಟದಂತೆ ಗುಪ್ತಸಂಖ್ಯೆಯ ಬೀಗ ಇರುತ್ತದೆ. ಅದು ನನಗೆ ಬಹಳ ಹಿಡಿಸಿತು. ಒಮ್ಮೆ ಸರಿಯಾಗಿ ತುಂಬಿದರೆ ಯಾರೂ ಕೆಡಿಸಲಾರರು ಎಂದುಕೊಂಡೆ.

ಪರೀಕ್ಷೆಗೆ ಒಂದೇ ಸುತ್ತು ಗೊತ್ತು ಮಾಡಿದೆ: ಗದಗಿನಿಂದ ಮುಳಗುಂದದ ಮೇಲೆ ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಕಪ್ಪತಗುಡ್ಡದ ಬದಿ ಹಿಡಿದು ಮುಂಡರಗಿ, ಮುಂಡರಗಿಯಿಂದ ವಾಪಸು ಗದಗ. ಪ್ರತಿ ಯಂತ್ರಕ್ಕೆ ನಾಲ್ಕು ಸುತ್ತು. ನೋಟುಬುಕ್ಕಿನಲ್ಲಿ ಐದು ಕಾಲಮು ಹಾಕಿದೆ: ತಪ್ಪು ತಿರುವು, ಬೇಡದ ಸುತ್ತು, ದನಿ ತಡವಾದದ್ದು, ಪರದೆ ನಿಂತುಹೋದದ್ದು, ಯಂತ್ರ ಬಿದ್ದದ್ದು. ಆ ಗಾಡಿಗೆ ಕ್ಲೀನರ್ ಇರಲಿಲ್ಲ, ಆದ್ದರಿಂದ ಎಡಗಡೆಯ ಸೀಟು ನನ್ನದಾಯಿತು. ಅವ್ವ ಮೊದಲ ದಿನ ಬಾಗಿಲಲ್ಲೇ ತಡೆದಳು.

"ಲಾರ್ಯಾಗ ಹೇರಾಕ ನೀ ಏನು ಉಳ್ಳಾಗಡ್ಡಿ ಚೀಲೇನ?"

"ಚಾಚಾ ಇರ್ತಾರಬೇ."

"ಚಾಚಾ ಇರ್ತಾರಂತನ ಬಿಡಾಕತ್ತೀನಿ," ಎಂದು ಬುತ್ತಿಗೆ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿದಳು.

ಕೆಂಪು ಯಂತ್ರ ಮೊದಲ ವಾರದಲ್ಲೇ ಹೊರಬಿತ್ತು. ಅದರ ನಕಾಶೆಯಲ್ಲಿ ಮುಂಡರಗಿ ಇನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ಗಾಜಿಗೆ ಅಂಟುವ ಬಟ್ಟಲು ಬಿಸಿಲಿಗೆ ಸಡಿಲಾಗಿ ನಾಲ್ಕು ಸುತ್ತಿನಲ್ಲಿ ಒಂಬತ್ತು ಸಲ ಬಿತ್ತು. ಲಕ್ಷ್ಮೇಶ್ವರದಲ್ಲಿ ಅದು ನಮ್ಮನ್ನು ಬಜಾರದ ಒಂದು ಓಣಿಗೆ ತಿರುಗಿಸಲು ನೋಡಿತು. ಎರಡೂ ಕಡೆ ಬಳೆ ಅಂಗಡಿಗಳು. ಚಾಚಾ ಬ್ರೇಕು ಹಾಕಿ, "ಇದರಾಗ ಹೊಕ್ರ ಬಳಿ ಹಾಕ್ಕೊಂಡ ಹೊರಗ ಬರೂದು" ಎಂದು ನೇರ ಹೋದರು. ನಾನು ನಕ್ಕೆ. ಆದರೆ ಅವರು ಬ್ರೇಕು ಹಾಕದಿದ್ದರೆ ಆ ದಿನವೇ ಕೀಲಿ ಹೋಗುತ್ತಿತ್ತು.

ಎರಡನೆಯ ವಾರದ ಕೊನೆಗೆ ಹಸಿರಿಗೆ ಮೂರು ಸುತ್ತು, ಹಳದಿಗೆ ನಾಲ್ಕೂ ಸುತ್ತು ಮುಗಿದಿದ್ದವು. ಹಸಿರಿನ ತಪ್ಪು ತಿರುವು ಸೊನ್ನೆ. ಶಿರಹಟ್ಟಿ ಮುಂಡರಗಿಗಳ ನಡುವೆ ಮೂರು ಸಲ ನೆಟ್‌ವರ್ಕ್ ಹೋಯಿತು, ಆದರೂ ಮೊದಲೇ ತೆಗೆದುಕೊಂಡಿದ್ದ ದಾರಿಯನ್ನು ಅದು ಬಿಡಲಿಲ್ಲ. ಹಳದಿ ಬೆಳಗ್ಗೆ ಉಪಗ್ರಹ ಹಿಡಿಯಲು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು. ಬಿಸಿಲಲ್ಲಿ ಪರದೆ ಕಾಣುತ್ತಿರಲಿಲ್ಲ. ಒಳದಾರಿ ಹಿಡಿಯದೆ ಏಳು ಸಲ ದೂರದ ಡಾಂಬರು ರಸ್ತೆಗೇ ಒಯ್ದಿತು.

"ಹಳದಿ ಮುದುಕರಂಗ ಐತಿ, ಗೊತ್ತಿದ್ದ ಹಾದಿ ಬಿಟ್ಟು ಬರೂದಿಲ್ಲ," ಎಂದರು ಚಾಚಾ.

"ಹಸಿರು?"

"ಹಸಿರು ಹೊಸಾ ಅಳ್ಯಾ. ಮನೀಗೆ ಬಂದು ಎರಡ ದಿನ ಆಗಿಲ್ಲ, ಎಲ್ಲಾ ಗೊತ್ತಿದ್ದಂಗ ಮಾತಾಡ್ತಾನು."

ಸಾವಕಾರರಿಗೆ ಹಸಿರೇ ಇಷ್ಟವಾಗಿತ್ತು. ಕಂಪ್ಯೂಟರಿನಲ್ಲಿ ಲಾರಿಯ ಚುಕ್ಕೆ ಹರಿದಾಡುವುದನ್ನು ಕುಳಿತು ನೋಡುತ್ತಿದ್ದರು. ನನ್ನ ಪಟ್ಟಿಯೂ ಹಸಿರೆಂದೇ ಹೇಳುತ್ತಿತ್ತು. ಕೊನೆಯ ಸುತ್ತು ಮುಗಿಸಿ ಬರೆದುಕೊಟ್ಟರೆ ಆಯಿತು.

ಆ ಕೊನೆಯ ಸುತ್ತು ಮೂರನೆಯ ವಾರದ ಬುಧವಾರ. ಅವತ್ತು ತಿರುವುಮುರುವಾಗಿ ಹೊರಟೆವು, ಮೊದಲು ಮುಂಡರಗಿ, ಕೊನೆಗೆ ಲಕ್ಷ್ಮೇಶ್ವರ. ಅದಕ್ಕೆ ಮೊದಲಿನ ಎಲ್ಲ ಸುತ್ತುಗಳಲ್ಲಿ ಹೇರಿದ್ದು ಗೊಬ್ಬರ, ಕಡಲೆ. ಬಾಡಿಯ ಹಲಗೆಗಿಂತ ಮೇಲೆ ಏನೂ ಏರಿರಲಿಲ್ಲ. ಅವತ್ತು ಲಕ್ಷ್ಮೇಶ್ವರದಲ್ಲಿ ಹತ್ತಿ ಹೇರಿದರು. ಗದಗಿನ ಹೊರಗೆ ಹುಬ್ಬಳ್ಳಿ ರಸ್ತೆಯಲ್ಲಿರುವ ಜಿನ್ನಿಂಗ್ ಫ್ಯಾಕ್ಟರಿಗೆ ಮುಟ್ಟಿಸಬೇಕಿತ್ತು. ಹತ್ತಿಯನ್ನು ಮನುಷ್ಯನಿಗಿಂತ ದೊಡ್ಡ ಗೋಣಿ ಮೂಟೆಗಳಲ್ಲಿ ತುಂಬುತ್ತಾರೆ, ಅದಕ್ಕೆ ಅಂಡಿಗೆ ಎನ್ನುತ್ತಾರೆ. ಅಂಡಿಗೆಗಳನ್ನು ಮಲಗಿಸಿ ಸಾಲು ಸಾಲಾಗಿ ಏರಿಸುತ್ತಾರೆ. ಒಂದು ಸಾಲಿಗೆ ಒಂದು ಥರ. ಹಮಾಲರ ಮುಖ್ಯಸ್ಥ ಮೇಲಿನಿಂದ "ನಾಕ ಥರ ಆತ್ರಿ ಚಾಚಾ" ಎಂದು ಕೂಗಿದ. ಚಾಚಾ ಕೆಳಗಿನಿಂದ "ಆತು, ಹಗ್ಗ ಬಿಗಿ" ಎಂದರು. ನಾನು ಹೊರಟ ವೇಳೆ ಬರೆದುಕೊಂಡೆ. ಥರ ಬರೆದುಕೊಳ್ಳಲಿಲ್ಲ. ನನ್ನ ಐದು ಕಾಲಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮುಳಗುಂದ ದಾಟಿದೆವು. ಅಸುಂಡಿಗೆ ಇನ್ನೂ ದೂರವಿರುವಾಗ ಹಸಿರು ಯಂತ್ರ, ಮುಂದೆ ರಸ್ತೆ ಕೆಲಸ ನಡೆದಿದೆ, ಮೂವತ್ತು ನಿಮಿಷ ತಡವಾಗುತ್ತದೆ, ಎಡಕ್ಕೆ ತಿರುಗಿ ಎಂದಿತು. ಅಂತೂರ-ಬೆಂತೂರದ ಕಡೆಯಿಂದ ಹೋಗಿ ಹುಬ್ಬಳ್ಳಿ ರಸ್ತೆ ಸೇರುವ ದಾರಿ ಅದು. ಚಾಚಾ ನನ್ನ ಕಡೆ ನೋಡಿದರು.

"ಏನ್ ಮಾಡೂದು?"

ಯಂತ್ರ ಹೇಳಿದಂತೆ ಹೋಗುವುದೇ ಪರೀಕ್ಷೆ. "ತಿರುಗಸ್ರಿ," ಎಂದೆ.

ಬೆಂತೂರ ದಾಟಿ ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಸೇತುವೆಯ ಗುರುತು ಬಂತು. ರೈಲು ಹಳಿಯ ಕೆಳಗೆ ಹಾಯುವ ದಾರಿ. ಪಕ್ಕದಲ್ಲಿ 3.6 ಎಂಬ ಅಂಕಿ, ಅದರ ಮುಂದೆ ಹಸಿರು ಗೆರೆ. ಗಾಡಿ ದಾಟಬಹುದು ಎಂದರ್ಥ. ಹಿಂದೆ ಬಡಿದಿದ್ದ ಸೇತುವೆಯೇ ಅದು. ಈ ಸಲ ಬೇರೆ ಕಡೆಯಿಂದ ಬಂದಿದ್ದೆವು. ಫೋನಿಗೆ ತಿಳಿಯದಿದ್ದದ್ದು ಈ ಯಂತ್ರಕ್ಕೆ ತಿಳಿದಿದೆ ಎಂದು ನನಗೆ ಸಂತೋಷವೇ ಆಯಿತು.

"ಇದಕ್ಕ ಬ್ರಿಜ್ಜಿನ ಎತ್ತರ ಗೊತ್ತೈತ್ರಿ ಚಾಚಾ. ಹೋಗಬಹುದಂತ."

ಚಾಚಾ ವೇಗ ಇಳಿಸಿದರು. "ಬ್ರಿಜ್ಜಿಂದು ಗೊತ್ತೈತಿ, ಖರೆ. ಇವತ್ತ ನಾವು ನಾಕ ಥರ ಹೇರೇವಿ ಅಂತ ಅದಕ್ಕ ಯಾರ್ ಹೇಳ್ಯಾರು?"

ನಾನು ಪರದೆಯಲ್ಲಿ ಗಾಡಿಯ ವಿವರ ತೆರೆದೆ. ಎತ್ತರ 2.9. ನನ್ನ ಕೈಯಿಂದಲೇ, ಫೈಲು ನೋಡಿ, ಎರಡು ಸಲ ತಾಳೆ ಹಾಕಿ ತುಂಬಿದ ಅಂಕಿ. ಅದು ಖಾಲಿ ಗಾಡಿಯದು. ತಿದ್ದಲು ಹೋದರೆ ಬೀಗದ ಚಿತ್ರ ಬಂತು. ಎಡಕ್ಕೂ ಬಲಕ್ಕೂ ತಿರುಗಿಸಲು ಜಾಗವಿಲ್ಲದ ಕಡೆ ರಸ್ತೆ ಇಳಿಜಾರಾಗಿತ್ತು. ಐವತ್ತು ಹೆಜ್ಜೆ ಮುಂದೆ ಕಬ್ಬಿಣದ ಅಡ್ಡಪಟ್ಟಿ. ಯಂತ್ರ ನೇರ ಹೋಗಿ ಎಂದು ಮತ್ತೊಮ್ಮೆ ಹೇಳಿತು.

ಚಾಚಾ ಗಾಡಿ ನಿಲ್ಲಿಸಿ ಇಳಿದು, ನಡೆದು ಹೋಗಿ ಪಟ್ಟಿಯ ಕೆಳಗೆ ನಿಂತು ಹಿಂದಿರುಗಿ ಗಾಡಿ ನೋಡಿದರು. ವಾಪಸು ಬಂದು, "ಒಂದ ಗೇಣ ಹೆಚ್ಚ ಐತಿ," ಎಂದರು. ಅಷ್ಟರಲ್ಲಿ ಹಿಂದೆ ಒಂದು ಬಸ್ಸು, ಅದರ ಹಿಂದೆ ಎರಡು ಟ್ರ್ಯಾಕ್ಟರು ಬಂದು ನಿಂತಿದ್ದವು. ಬಸ್ಸಿನ ಕಂಡಕ್ಟರ್ ತಲೆ ಹೊರಗೆ ಹಾಕಿದ.

"ಏನ್ರಿ ಚಾಚಾ, ಮಷೀನ್ ಮಾತ ಕೇಳಿ ಬಂದ್ರೇನು? ನಮ್ಮನ್ನ ಕೇಳಿದ್ರ ಪುಕ್ಕಟ ಹೇಳ್ತಿದ್ವೆಲ್ಲ."

"ನಿನ್ನ ಕೇಳಿದ್ರ ಟಿಕೀಟ ತಗಿ ಅಂತಿದ್ದಿ. ಮೊದಲ ಬಸ್ ಹಿಂದ ಸರಸು," ಎಂದರು ಚಾಚಾ.

ಎಲ್ಲರೂ ಹಿಂದೆ ಸರಿದರು. ನಂತರ ನಮ್ಮ ಸರದಿ. ನಾನು ಇಳಿದು ಹಿಂದೆ ನಿಂತು ದಾರಿ ತೋರಿಸಬೇಕಾಯಿತು. ಆ ಕೆಲಸ ಹಿಂದೆಂದೂ ಮಾಡಿರಲಿಲ್ಲ. "ಬರ್ರಿ, ಬರ್ರಿ" ಎಂದು ಕೂಗುತ್ತ ಹಿಂದೆ ಹಿಂದೆ ನಡೆದೆ. ಎರಡೂ ಬದಿಗೆ ಕಪ್ಪುಮಣ್ಣಿನ ಎರೆಹೊಲ. ಎಡಗಡೆಯ ಹೊಲಕ್ಕೆ ನೀರು ಹಾಯಿಸಿದ್ದರು. ಇನ್ನೂರು ಹೆಜ್ಜೆ ಸರಿಯಾಗಿ ಬಂದೆವು. ನಾನು ಬಲಗಡೆಯನ್ನೇ ನೋಡುತ್ತಿದ್ದೆ. ಎಡಗಡೆಯ ಹಿಂದಿನ ಗಾಲಿ ಡಾಂಬರಿನ ಅಂಚು ಬಿಟ್ಟು ಕೆಳಗಿಳಿದದ್ದು ಕಾಣಲಿಲ್ಲ. ನಾನು ಕೂಗುವ ಹೊತ್ತಿಗೆ ಗಾಲಿ ಅರ್ಧ ಹೂತಿತ್ತು. ನಾಲ್ಕು ಥರದ ಹತ್ತಿ ನಿಧಾನವಾಗಿ ಹೊಲದ ಕಡೆ ವಾಲಿತು. ಹಗ್ಗ ಬಿಗಿದುಕೊಂಡ ಸಪ್ಪಳ ಈಗಲೂ ಕಿವಿಯಲ್ಲಿದೆ. ವಾಲಿ, ಹಾಗೆಯೇ ನಿಂತಿತು.

ಚಾಚಾ ಎಂಜಿನ್ ಆರಿಸಿ ಇಳಿದರು. ಗಾಲಿ ನೋಡಿ, ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು.

"ಇದು ಎರಡನೇದ್ದಾತು," ಎಂದರು. ಸಾವಕಾರರ ಲೆಕ್ಕದ ಮಾತು ಅದು.

"ಇದು ನಂದ್ರಿ ಚಾಚಾ."

"ಸ್ಟೇರಿಂಗ್ ನನ್ನ ಕೈಯಾಗ ಇತ್ತವಾ."

ಫೋನು ಅವರ ಕೈಯಲ್ಲೇ ಇತ್ತು, ಒತ್ತುತ್ತಿರಲಿಲ್ಲ. ಆಫೀಸಿನಲ್ಲಿ ಸಾವಕಾರರು ನಿಂತ ಚುಕ್ಕೆಯನ್ನು ನೋಡುತ್ತಿರುತ್ತಾರೆ, ಇನ್ನೇನು ಅವರೇ ಫೋನ್ ಮಾಡುತ್ತಾರೆ ಎಂದು ಇಬ್ಬರಿಗೂ ಗೊತ್ತಿತ್ತು. ಮೊದಲು ಯಾರು ಹೇಳುತ್ತಾರೋ ಅವರ ಮಾತು ನಿಲ್ಲುತ್ತದೆ ಎಂದು ನನಗನ್ನಿಸಿತು. ನನ್ನ ಫೋನಿನಿಂದ ನಾನೇ ಒತ್ತಿದೆ.

"ಸಾವಕಾರ್ರ, ಗಾಡಿ ಹೊಲಕ್ಕ ಇಳದೈತಿ. ಬಿದ್ದಿಲ್ಲ. ತಪ್ಪು ನಂದು. ಮಷೀನಿಗೆ ನಾ ಖಾಲಿ ಗಾಡಿ ಎತ್ತರ ತುಂಬಿದ್ದೆ. ಮಷೀನು ಬ್ರಿಜ್ಜಿನ ಕೆಳಗ ಹೋಗ್ರಿ ಅಂತು, ನಾನೂ ಹೋಗ್ರಿ ಅಂದೆ. ಚಾಚಾ ನಿಲ್ಲಿಸಿದ್ರು."

"ಹೊಲಕ್ಕ ಹೆಂಗ ಇಳೀತು?"

"ಹಿಂದ ತರೂವಾಗ ನಾ ಒಂದ ಕಡೆ ನೋಡಿದೆ. ಅದೂ ನಂದ."

"ಚಾಚಾಗ ಫೋನ್ ಕೊಡು."

ಕೊಟ್ಟೆ. ಚಾಚಾ "ಹೂಂರಿ, ಹೂಂರಿ" ಎಂದಷ್ಟೇ ಹೇಳಿ ಇಟ್ಟರು. ಏನೆಂದರು ಎಂದು ಕೇಳಿದೆ. "ಮೊದಲ ಗಾಡಿ ತಗೀರಿ, ಕೀಲಿ ಮಾತು ನಾಳೆ ಅಂದ್ರು."

ಹಿಂದಿದ್ದ ಟ್ರ್ಯಾಕ್ಟರಿನವರೇ ಸರಪಳಿ ಹಾಕಿ ಎಳೆದರು. ಗಾಲಿಯ ಕೆಳಗೆ ಕಲ್ಲು, ಹತ್ತಿಕಟ್ಟಿಗೆ ತುರುಕಿದರು. ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಬಂದ ದಾರಿಯಲ್ಲೇ ತಿರುಗಿ, ರಸ್ತೆ ಕೆಲಸದ ಸಾಲಿನಲ್ಲಿ ಕಾದು, ಫ್ಯಾಕ್ಟರಿ ಮುಟ್ಟಿದೆವು. ಯಂತ್ರ ಹೇಳಿದ ಮೂವತ್ತು ನಿಮಿಷದ ತಡ ನಿಜಕ್ಕೆ ಇಪ್ಪತ್ತೆರಡು ನಿಮಿಷವಷ್ಟೇ ಇತ್ತು.

ಮನೆಗೆ ಬಂದು ಪಟ್ಟಿ ತೆರೆದರೆ ಅದರ ಒಳಗೇ ತಪ್ಪು ಕಂಡಿತು. ನಾನು ಹಾಕಿದ ಕಾಲಮುಗಳ ಪ್ರಕಾರ ಅವತ್ತೂ ಹಸಿರಿನ ತಪ್ಪು ತಿರುವು ಸೊನ್ನೆಯೇ. ತನಗೆ ಕೊಟ್ಟ ಅಂಕಿಗೆ ಅದು ಸರಿಯಾದ ದಾರಿಯನ್ನೇ ಹೇಳಿತ್ತು. ನಮ್ಮ ಕಡೆ ಗಾಡಿಯ ಎತ್ತರ ಬೆಳಗ್ಗೆ ಒಂದು, ಸಂಜೆ ಒಂದು. ಗೊಬ್ಬರಕ್ಕೆ ಹಲಗೆಯ ಮಟ್ಟ, ಹತ್ತಿಗೆ ಮೂರೋ ನಾಲ್ಕೋ ಥರ. ಆ ಎತ್ತರ ಯಾವ ಫೈಲಿನಲ್ಲೂ ಇರುವುದಿಲ್ಲ. ಹೇರುವ ಜಾಗದಲ್ಲಿ ಹಮಾಲರು ಕೂಗಿದ್ದು ಚಾಲಕರ ಕಿವಿಗೆ ಬೀಳುತ್ತದೆ, ಅಷ್ಟೇ. ನಾನು ಮೆಚ್ಚಿಕೊಂಡಿದ್ದ ಬೀಗ, ಆ ಒಂದು ಅಂಕಿ ಗೊತ್ತಿರುವ ಒಬ್ಬರನ್ನೇ ಹೊರಗಿಟ್ಟಿತ್ತು.

ಮರುದಿನ ಆಫೀಸಿನಲ್ಲಿ ಚಾಚಾ ಗೋಡೆಗೆ ಆತು ನಿಂತಿದ್ದರು. ಕೀಲಿ ಟೇಬಲ್ಲಿನ ಮೇಲಿತ್ತು, ಅವರೇ ಇಟ್ಟಿದ್ದರು. ಸಾವಕಾರರು ನನ್ನ ಪಟ್ಟಿಯ ಮೇಲೆ ಬೆರಳಿಟ್ಟರು.

"ಹಸಿರಿಗೆ ಸೊನ್ನಿ ಬರದೀ. ಹಳದಿಗೆ ಏಳು ಬರದೀ. ಈಗ ಹಳದಿ ತಗೊಳ್ರಿ ಅಂತಿ."

"ಹೌದ್ರಿ. ಹಳದ್ಯಾಗ ಡ್ರೈವರ್ ತಾನ ಎತ್ತರ ಬದಲಿ ಮಾಡಬಹುದು. ನಾಕ ಗುಂಡಿಗೆ ನಾಕ ಎತ್ತರ ಇಟ್ಕೊಳ್ಳಾಕ ಬರ್ತೈತಿ."

"ಗಾಡಿ ಎಲ್ಲೈತಿ ಅಂತ ನನಗ ಕಾಣ್ತೈತೇನು ಅದರಾಗ?"

"ಇಲ್ರಿ."

"ಹಂಗಾರ ನಾ ಕಣ್ಣು ಕಟ್ಕೊಂಡು ಕುಂಡ್ರೂದು."

"ನಿನ್ನೆ ನಿಮಗ ಎಲ್ಲಾ ಕಾಣ್ತಿತ್ತೆಲ್ರಿ," ಎಂದೆ.

ಅವರು ಪಟ್ಟಿ ಮುಚ್ಚಿದರು. ಚಾಚಾರ ಕಡೆ ತಿರುಗಿ, "ನೀವ ಏನಂತೀರಿ?" ಎಂದರು.

"ನಾ ಏನ್ ಹೇಳ್ಲಿ? ಯಾವ ಮಷೀನ್ ಹಾಕಿದ್ರೂ ಬೈಸಿಕೊಳ್ಳಾವ ನಾನ. ಬೈಸಿಕೊಳ್ಳೂದು ಆತು ಅಂದಮ್ಯಾಲ ಒತ್ತೂ ಗುಂಡಿನೂ ನನ್ನ ಕೈಯಾಗ ಇರ್ಲಿ."

ಸಾವಕಾರರು ಒಂದು ವಾರ ಕೊಟ್ಟರು. ಹಳದಿ ಯಂತ್ರ, ಚಾಚಾರ ಗಾಡಿ, ಹತ್ತಿಯ ಹೇರು. ನಾನು ಕ್ಯಾಬಿನ್ನಿನಲ್ಲಿ ಇರಬಾರದು. ಮುಟ್ಟಿತೋ, ಸೀಟು ಇರುತ್ತದೆ. ಎಲ್ಲಾದರೂ ಬಡಿಯಿತೋ, ಇಲ್ಲ.

ಶುಕ್ರವಾರ ಬೆಳಗ್ಗೆ ಲಕ್ಷ್ಮೇಶ್ವರದ ಹೇರುವ ಕಟ್ಟೆಗೆ ಹೋದೆ. ಉದ್ದದ ಬಿದಿರು ಗಳಕ್ಕೆ ಅಳತೆಯ ಪಟ್ಟಿ ಕಟ್ಟಿದ್ದೆ. ಒಂದೊಂದು ಥರ ಬಿದ್ದಂತೆಲ್ಲ ಅಳೆದೆ. ಹಮಾಲರಿಗೆ ಅದು ತಮಾಷೆಯಾಯಿತು.

"ಅಕ್ಕಾರ, ಲಾರಿಗೆ ಅಂಗಿ ಹೊಲಸ್ತೀರೇನು?"

"ಹೊಲಸ್ತಾರ. ಕಾಲರ್ ಹರದಿತ್ತೆಲ್ಲ ಹೋದ ತಿಂಗಳ," ಎಂದು ಮೇಲಿನಿಂದ ಇನ್ನೊಬ್ಬ ಕೂಗಿದ.

ಎರಡು ಥರಕ್ಕೆ 3.1, ಮೂರಕ್ಕೆ 3.45, ನಾಲ್ಕಕ್ಕೆ 3.75. ಮೂವತ್ತು ಕಿಲೋಮೀಟರು ಓಡಿದ ಮೇಲೆ ಹತ್ತಿ ಕೂತು ನಾಲ್ಕು ಬೆರಳು ಇಳಿಯುತ್ತದೆ. ಅದನ್ನು ಕಳೆದು ಬರೆಯಲೇ ಎಂದು ಚಾಚಾರನ್ನು ಕೇಳಿದೆ. "ಬ್ಯಾಡ. ಅಂಡಿಗಿ ಬಾಯಿಗಂಟು ಮ್ಯಾಲ ಬಂದ್ರ ಮತ್ತ ಅಷ್ಟ ಏರ್ತೈತಿ. ಹೆಚ್ಚಿದ್ದದ್ದ ಇರ್ಲಿ," ಎಂದರು. ನಾಲ್ಕು ಗುಂಡಿಗಳನ್ನು ಹಾಗೆ ತುಂಬಿದೆ: ಮೊದಲನೆಯದು ಖಾಲಿ, ಉಳಿದವು ಎರಡು, ಮೂರು, ನಾಲ್ಕು ಥರ. ಯಂತ್ರಕ್ಕೆ ಆ ಸೇತುವೆ ಕೇಳಿ ನೋಡಿದೆ. ಮೂರಕ್ಕೆ ಹೋಗಿ ಎಂದಿತು, ನಾಲ್ಕಕ್ಕೆ ಒಪ್ಪಲಿಲ್ಲ. ಅಷ್ಟಕ್ಕೇ ಬಿಡಲು ಧೈರ್ಯ ಸಾಲದೆ, ನಮ್ಮ ದಾರಿಗಳಲ್ಲಿ ತಲೆಗೆ ತಾಗುವ ಜಾಗಗಳನ್ನು ಚಾಚಾರ ಬಾಯಿಂದ ಬರೆದುಕೊಂಡೆ. ಕಮಾನು, ತಂತಿ, ಮರದ ಕೊಂಬೆ ಸೇರಿ ಹನ್ನೊಂದು. ಹಸಿರಿಗೆ ಗೊತ್ತಿದ್ದದ್ದು ಒಂಬತ್ತು, ಹಳದಿಗೆ ಏಳು. ಉಳಿದ ನಾಲ್ಕನ್ನು ಕೈಯಿಂದ ಗುರುತು ಹಾಕಿದೆ. ನಾನು ಆರಿಸಿದ್ದು ಕಡಿಮೆ ತಿಳಿದ ಯಂತ್ರವನ್ನು ಎಂಬುದು ಆ ಲೆಕ್ಕದಿಂದ ಇನ್ನಷ್ಟು ಸ್ಪಷ್ಟವಾಯಿತು.

ಸೋಮವಾರ ಚಾಚಾ ಒಬ್ಬರೇ ಹೋದರು. ಲಕ್ಷ್ಮೇಶ್ವರದಲ್ಲಿ ಹತ್ತು ಗಂಟೆಗೆ ಹೇರಿ ಹೊರಟಾಗ ಫೋನ್ ಮಾಡಿದರು. "ಮೂರ ಥರ. ಮೂರರ ಗುಂಡಿ ಒತ್ತೀನಿ." ಹನ್ನೆರಡಕ್ಕೆ ಫ್ಯಾಕ್ಟರಿ ಮುಟ್ಟಬೇಕು. ನಾನು ಹನ್ನೊಂದೂವರೆಗೇ ಫ್ಯಾಕ್ಟರಿಯ ತೂಕದ ಕಟ್ಟೆಯ ಹತ್ತಿರ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಸಾವಕಾರರೂ ಬಂದರು. ನೋಡಲು ಚುಕ್ಕೆ ಇರಲಿಲ್ಲ. ಹನ್ನೆರಡಾಯಿತು. ಹನ್ನೆರಡೂ ಕಾಲಿಗೆ ಫೋನ್ ಮಾಡಿದೆ, ಹತ್ತಲಿಲ್ಲ. ಹನ್ನೆರಡೂವರೆಗೆ ಮತ್ತೆ, ಇಲ್ಲ. ಮೂರು ಥರವಾದ್ದರಿಂದ ಯಂತ್ರ ಫ್ಯಾಕ್ಟರಿಗೆ ಹತ್ತಿರವಾದ ಸೇತುವೆಯ ದಾರಿಯನ್ನೇ ತೋರಿಸಿರುತ್ತದೆ, ಹದಿನೈದು ಸೆಂಟಿಮೀಟರಷ್ಟೇ ತೆರಪು. ನನ್ನ ಗಳ ವಾರೆಯಾಗಿದ್ದಿದ್ದರೆ? ಪಟ್ಟಿಯ ತುದಿ ಸರಿಯಾಗಿ ಹಿಡಿದಿದ್ದೆನೇ? ಸಾವಕಾರರು ಹುಬ್ಬಳ್ಳಿ ಕಡೆಯ ರಸ್ತೆಯನ್ನೇ ನೋಡುತ್ತಿದ್ದರು. ಸೇತುವೆಯಿಂದ ಬರುವ ಗಾಡಿ ಆ ಕಡೆಯಿಂದಲೇ ಬರಬೇಕು.

ಹನ್ನೆರಡೂ ಐವತ್ತಕ್ಕೆ ಲಾರಿ ಬಂತು. ಊರ ಕಡೆಯಿಂದ, ನಮ್ಮ ಬೆನ್ನ ಹಿಂದಿನಿಂದ. ತಾಡಪತ್ರಿ ಎಲ್ಲೂ ಹರಿದಿರಲಿಲ್ಲ. ಮೇಲೆ ನಾಲ್ಕು ಥರ ಇತ್ತು.

ಚಾಚಾ ಕಿಟಕಿಯಿಂದಲೇ ಹೇಳಿದರು. ಮುಳಗುಂದದಲ್ಲಿ ಇದೇ ಫ್ಯಾಕ್ಟರಿಗೆ ಹೋಗಬೇಕಾದ ಇನ್ನಷ್ಟು ಅಂಡಿಗೆಗಳಿದ್ದವಂತೆ. ಹೇರಿಸಿಕೊಂಡು, ನಾಲ್ಕರ ಗುಂಡಿ ಒತ್ತಿದರಂತೆ. ಯಂತ್ರ ಅಂತೂರ-ಬೆಂತೂರದ ದಾರಿ ಬಿಟ್ಟು, ಗದಗ ಊರ ಹೊರಗಿನ ಸುತ್ತು ತೋರಿಸಿತಂತೆ. ಫೋನಿನ ಬ್ಯಾಟರಿ ಮುಗಿದಿತ್ತು.

ಸಾವಕಾರರು ಗಳ ತೆಗೆದುಕೊಂಡು ತಾವೇ ಅಳೆದರು. ನಾನು ಕೆಳಗಿನಿಂದ ಅಂಕಿ ಓದಿದೆ: 3.73. 

"ಐವತ್ತ ನಿಮಿಷ ಲೇಟ್," ಎಂದರು ಅವರು.

"ಹೌದ್ರಿ," ಎಂದರು ಚಾಚಾ.

"ಆ ಗುಂಡಿ ಎಲ್ಲಿ ಒತ್ತಿದ್ರಿ? ನೋಡೂಣು." ಸಾವಕಾರರು ಬಾಗಿಲ ಹಿಡಿ ಹಿಡಿದು ಮೆಟ್ಟಿಲಿಗೆ ಕಾಲಿಟ್ಟರು.

ಚಾಚಾ ತಮ್ಮ ಕ್ಯಾಬಿನ್ನಿಗೆ ಯಾರನ್ನೂ ಚಪ್ಪಲಿ ಹಾಕಿಕೊಂಡು ಹತ್ತಲು ಬಿಡುವವರಲ್ಲ. ಸಾವಕಾರರೊಬ್ಬರಿಗೆ ಮಾತ್ರ ಇಷ್ಟು ವರ್ಷ ಏನೂ ಅಂದಿರಲಿಲ್ಲ. ಅವತ್ತು ಸೀಟಿನಿಂದ ಕದಲದೆ, ಎರಡೂ ಕೈ ಸ್ಟೇರಿಂಗ್ ಮೇಲಿಟ್ಟುಕೊಂಡು, ಮೆಲ್ಲಗೆ ಹೇಳಿದರು.

"ಚಪ್ಪಲ್ ಕೆಳಗ ಬಿಟ್ಟ ಬರ್ರಿ ಸಾವಕಾರ್ರ."

ಸಾವಕಾರರು ಕಾಲು ಕೆಳಗಿಳಿಸಿ, ಚಪ್ಪಲಿಗಳನ್ನು ಗಾಲಿಯ ಪಕ್ಕ ಜೋಡಿಸಿಟ್ಟು, ಒಳಗೆ ಹತ್ತಿ ನನ್ನ ಸೀಟಿನಲ್ಲಿ ಕುಳಿತರು.